ತೂಬಿನ ಬಾಯಲ್ಲೇ ತಡೆ: ಭೂಗರ್ಭದ ಎಣ್ಣೆಯನ್ನು ಅಲ್ಲೇ ಬಿಡಬಹುದೇ?

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಎಣ್ಣೆಬಾವಿಯ ವಿಚಾರವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಗೊಬ್ಬರದ ದರ, ಬೋರ್ಡೋ ದ್ರಾವಣದ ಪ್ರಮಾಣ, ಕಾಳಿನ ತೇವಾಂಶ ಇವೇ ನಮ್ಮ ಪುಟಗಳ ಎಂದಿನ ವಿಷಯಗಳು. ಆದರೆ ಈಚಿನ ವರ್ಷಗಳಲ್ಲಿ ಸಂಘದ ಗೋದಾಮಿನ ಮುಂದೆ ನಾಲ್ಕು ಜನ ಸೇರಿದರೆ ಮೊದಲು ಬರುವ ಮಾತು ಮಳೆಯದು. ಬೇಸಿಗೆಯ ಆರಂಭದಲ್ಲಿ ಬರಬೇಕಾದ ಹೂಮಳೆ ಜನವರಿಯಲ್ಲೇ ಬಿದ್ದು, ಒಂದು ಕಡೆ ಹಣ್ಣು, ಇನ್ನೊಂದು ಕಡೆ ಹೂವು ಒಂದೇ ಗಿಡದಲ್ಲಿ ಕಾಣುವುದು. ಕಣದಲ್ಲಿ ಹರಡಿದ ಕಾಫಿ ನೆನೆಯುವುದು. ಮಳೆಗಾಲದಲ್ಲಿ ಬಿಡುವೇ ಕೊಡದೆ ಸುರಿದು, ಎರಡನೆಯ ಸಲ ಔಷಧಿ ಹೊಡೆಯಲು ಮರ ಹತ್ತಲಾಗದೆ ಕೊಳೆರೋಗಕ್ಕೆ ತೋಟ ಒಪ್ಪಿಸುವುದು. ಇವು ಯಾರೋ ಹೇಳಿದ ಸುದ್ದಿಗಳಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳೇ ತೋಟಗಳ ಸಮೇತ ಜಾರಿದ್ದನ್ನು ನಾವು ಮರೆತಿಲ್ಲ.

ಒಂದು ವರ್ಷದ ಮಳೆಯನ್ನಾಗಲಿ, ಒಂದು ಗುಡ್ಡದ ಕುಸಿತವನ್ನಾಗಲಿ ಹಿಡಿದು ಇದಕ್ಕೆ ಇದೊಂದೇ ಕಾರಣ ಎಂದು ಹೇಳುವುದು ಸರಿಯಲ್ಲ. ಗುಡ್ಡ ಕಡಿದ ರಸ್ತೆ, ತೆಗೆದ ಮರ, ಮುಚ್ಚಿದ ನೀರಿನ ದಾರಿ ಇವುಗಳ ಪಾಲೂ ಇದೆ. ಆದರೆ ಭೂಮಿಯ ಗಾಳಿ ಕಾಯುತ್ತಿದೆ ಎಂಬುದರಲ್ಲಿ ಈಗ ಸಂಶಯವಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಿನ ಆವಿಯನ್ನು ಹೊರಬಲ್ಲದು. ಹೀಗೆ ಹೊತ್ತದ್ದನ್ನು ಅದು ಒಮ್ಮೆಲೇ ಸುರಿಯುವ ಸಂಭವವೂ ಹೆಚ್ಚುತ್ತದೆ. 2024ನೆಯ ಇಸವಿಯಲ್ಲಿ ಭೂಮಿಯ ಸರಾಸರಿ ಉಷ್ಣತೆ, ಕೈಗಾರಿಕಾ ಯುಗಕ್ಕೆ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ತುಸು ಮೇಲೆ ಹೋಯಿತು. ಇದರ ಮೂಲ ಎಲ್ಲಿದೆ, ಅದನ್ನು ಎಲ್ಲಿ ತಡೆಯಬೇಕು ಎಂಬ ಬಗ್ಗೆ ಜಗತ್ತಿನಲ್ಲಿ ನಡೆಯುತ್ತಿರುವ ಒಂದು ಮುಖ್ಯ ಚರ್ಚೆಯನ್ನು ಇಲ್ಲಿ ತಿಳಿಸಲು ಯತ್ನಿಸುತ್ತೇವೆ.

ಒಂದು ಲೀಟರ್ ಡೀಸೆಲಿನ ಲೆಕ್ಕ

ಪಂಪ್‌ಸೆಟ್ಟಿಗೆ ಹಾಕುವ ಒಂದು ಲೀಟರ್ ಡೀಸೆಲನ್ನು ತೆಗೆದುಕೊಳ್ಳೋಣ. ಅದರ ತೂಕ ಸುಮಾರು 830 ಗ್ರಾಂ. ಅದರಲ್ಲಿ 700 ಗ್ರಾಮಿಗೂ ಹೆಚ್ಚು ಪಾಲು ಇಂಗಾಲ. ಎಣ್ಣೆ ಉರಿಯುವಾಗ ಪ್ರತಿ 12 ಪಾಲು ಇಂಗಾಲವೂ ಗಾಳಿಯಿಂದ 32 ಪಾಲು ಆಮ್ಲಜನಕವನ್ನು ಸೇರಿಸಿಕೊಂಡು 44 ಪಾಲು ಇಂಗಾಲಾಮ್ಲ ಅನಿಲವಾಗುತ್ತದೆ. ಆದ್ದರಿಂದ ಒಂದು ಲೀಟರ್ ಡೀಸೆಲ್ ಉರಿದರೆ ಅದರ ಮೂರು ಪಟ್ಟು ತೂಕದ, ಅಂದರೆ ಎರಡೂವರೆ ಕಿಲೋಗೂ ಹೆಚ್ಚು ಅನಿಲ ಹೊರಬರುತ್ತದೆ. ಕಣ್ಣಿಗೆ ಕಾಣುವ ಕಪ್ಪು ಹೊಗೆ ಇದಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ.

ಅಡಿಕೆ ಬೇಯಿಸುವ ಒಲೆಯ ಸೌದೆಯೂ ಇದೇ ಅನಿಲವನ್ನು ಬಿಡುತ್ತದಲ್ಲವೇ ಎಂಬ ಪ್ರಶ್ನೆ ಬರಬಹುದು. ಹೌದು, ಬಿಡುತ್ತದೆ. ಆದರೆ ಆ ಸೌದೆಯ ಇಂಗಾಲ ಕೆಲವು ವರ್ಷಗಳ ಹಿಂದೆ ಮರವು ಇದೇ ಗಾಳಿಯಿಂದ ತೆಗೆದುಕೊಂಡದ್ದು. ಕಡಿದ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ ಅದು ಪುನಃ ಮರಕ್ಕೇ ಸೇರುತ್ತದೆ. ಇದು ಕೈಸಾಲ ಇದ್ದ ಹಾಗೆ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಕಲ್ಲಿದ್ದಲು, ಕಲ್ಲೆಣ್ಣೆ, ನೈಸರ್ಗಿಕ ಅನಿಲಗಳ ಇಂಗಾಲ ಕೋಟ್ಯಂತರ ವರ್ಷಗಳ ಹಿಂದೆ ನೆಲದಡಿ ಹೂತುಹೋದದ್ದು. ಅದನ್ನು ಮೇಲೆ ತಂದು ಸುಟ್ಟರೆ ಲೆಕ್ಕಕ್ಕೆ ಹೊಸದಾಗಿ ಸೇರಿದಂತೆ. ಅದರ ಒಂದು ಪಾಲು ಶತಮಾನಗಳ ಕಾಲ ಗಾಳಿಯಲ್ಲೇ ಉಳಿಯುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲ 2024ರಲ್ಲಿ 420ನ್ನೂ ದಾಟಿತ್ತು.

ಹೊಗೆಕೊಳವೆಯೋ, ಗಣಿಯ ಬಾಯೋ?

ಇಷ್ಟು ಕಾಲ ಸರಕಾರಗಳು ಮಾಡಿದ ಪ್ರಯತ್ನಗಳೆಲ್ಲ ಬಹುಮಟ್ಟಿಗೆ ಹೊಗೆಕೊಳವೆಯ ಕಡೆಯವು. ಇಷ್ಟು ಹೊಗೆ ಕಡಿಮೆ ಮಾಡುತ್ತೇವೆ, ಇಷ್ಟು ಸೂರ್ಯಶಕ್ತಿ ಸೇರಿಸುತ್ತೇವೆ ಎಂಬ ವಾಗ್ದಾನಗಳು. 2015ರ ಪ್ಯಾರಿಸ್ ಒಪ್ಪಂದದ ಪಠ್ಯದಲ್ಲಿ ಕಲ್ಲಿದ್ದಲು, ಎಣ್ಣೆ ಎಂಬ ಶಬ್ದಗಳೇ ಇಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಇಂಧನವನ್ನು ಭೂಮಿಯಿಂದ ಹೊರತೆಗೆಯುವವರ ಲೆಕ್ಕ ಯಾರೂ ಕೇಳಲಿಲ್ಲ.

ನಮ್ಮ ಕಡೆಯ ಉದಾಹರಣೆಯಿಂದ ಇದನ್ನು ಹೇಳಬಹುದು. ಕೆರೆಯ ತೂಬು ಪೂರ್ತಿ ತೆರೆದಿದೆ, ನೀರು ತೋಟಕ್ಕೆ ನುಗ್ಗುತ್ತಿದೆ. ಆಗ ನಾವು ಪ್ರತಿಯೊಂದು ಬಸಿಗಾಲುವೆಯ ಬಾಯಲ್ಲೂ ಮಣ್ಣು ಹಾಕುತ್ತ ಓಡಾಡುತ್ತೇವೆಯೇ, ಅಥವಾ ಮೊದಲು ಹೋಗಿ ತೂಬು ಇಳಿಸುತ್ತೇವೆಯೇ? ಕಾಲುವೆ ಸಾವಿರ ಇರಬಹುದು, ತೂಬು ಕೆಲವೇ. ವಾಹನಗಳು, ಒಲೆಗಳು, ಕಾರ್ಖಾನೆಗಳು ಕೋಟಿಗಟ್ಟಲೆ. ಅವುಗಳಿಗೆ ಇಂಧನ ಬರುವ ಗಣಿಗಳು, ಎಣ್ಣೆ ಪ್ರದೇಶಗಳು ಎಣಿಕೆಗೆ ಸಿಗುವಂಥವು. ತೂಬನ್ನು ಮಾತ್ರ ಇಳಿಸಿ ಗದ್ದೆಗೆ ಬೇರೆ ನೀರಿನ ದಾರಿ ಮಾಡದಿದ್ದರೆ ಬೆಳೆ ಒಣಗುತ್ತದೆ ಎಂಬುದೂ ನಿಜವೇ. ಆದ್ದರಿಂದ ಎರಡೂ ಕೆಲಸ ಜೊತೆಯಲ್ಲಿ ನಡೆಯಬೇಕೆಂದು ಈ ವಾದದವರು ಹೇಳುತ್ತಾರೆ.

ಅಂಕಿಗಳನ್ನು ನೋಡಿದರೆ ವಾದದ ಬಲ ತಿಳಿಯುತ್ತದೆ. ಉಷ್ಣತೆಯ ಏರಿಕೆಯನ್ನು ಒಂದೂವರೆ ಡಿಗ್ರಿಗೆ ನಿಲ್ಲಿಸುವ ಅರ್ಧದಷ್ಟಾದರೂ ಸಂಭವ ಉಳಿಯಬೇಕಿದ್ದರೆ, 2020ರ ಆರಂಭದಿಂದ ಮುಂದಕ್ಕೆ ಜಗತ್ತು ಒಟ್ಟು 50,000 ಕೋಟಿ ಟನ್ ಇಂಗಾಲಾಮ್ಲಕ್ಕಿಂತ ಹೆಚ್ಚು ಬಿಡಬಾರದೆಂದು ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮಿತಿ 2021ರಲ್ಲಿ ಹೇಳಿತು. ಭೂಗರ್ಭದ ಇಂಧನಗಳಿಂದಲೇ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊರಬರುತ್ತಿದೆ. ಈ ಗತಿಯಲ್ಲಿ ಆ ಖಜಾನೆ ಎಷ್ಟು ದಿನ ಬಾಳೀತೆಂದು ಸದಸ್ಯರೇ ಲೆಕ್ಕ ಹಾಕಬಹುದು. ಇನ್ನು ಜಗತ್ತಿನಲ್ಲಿ ಈಗಾಗಲೇ ಪತ್ತೆಯಾಗಿ ದಾಖಲೆಯಲ್ಲಿರುವ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನೆಲ್ಲ ತೆಗೆದು ಸುಟ್ಟರೆ ಸುಮಾರು 3,50,000 ಕೋಟಿ ಟನ್ ಆಗುತ್ತದೆಂದು 2022ರಲ್ಲಿ ಪ್ರಕಟವಾದ ಒಂದು ಪಟ್ಟಿ ತೋರಿಸಿತು. ಅಂದರೆ ಮೇಲಿನ ಮಿತಿಯ ಏಳು ಪಟ್ಟು. ಕೊರತೆ ಇರುವುದು ಎಣ್ಣೆಯದಲ್ಲ, ಅದನ್ನು ಸುಟ್ಟ ಅನಿಲವನ್ನು ಹಿಡಿಸಿಕೊಳ್ಳುವ ಆಕಾಶದ್ದು.

ಹೀಗಿದ್ದರೂ ಸರಕಾರಗಳ ಯೋಜನೆಗಳೇನು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಸೇರಿ 2023ರಲ್ಲಿ ಹೊರತಂದ ವರದಿಯ ಪ್ರಕಾರ, ದೇಶಗಳು 2030ರಲ್ಲಿ ತೆಗೆಯಲು ಯೋಚಿಸಿದ್ದ ಇಂಧನ, ಒಂದೂವರೆ ಡಿಗ್ರಿಯ ಮಿತಿಗೆ ಹೊಂದುವ ಪ್ರಮಾಣದ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಒಂದು ಕೈಯಲ್ಲಿ ಹೊಗೆ ಕಡಿಮೆ ಮಾಡುವ ಪತ್ರಕ್ಕೆ ಸಹಿ, ಇನ್ನೊಂದು ಕೈಯಲ್ಲಿ ಹೊಸ ಗಣಿಗೆ ಪರವಾನಗಿ.

ಯಾಸುನಿಯ ಕಥೆ

ನೆಲದಡಿಯ ಎಣ್ಣೆಯನ್ನು ನೆಲದಲ್ಲೇ ಬಿಡುತ್ತೇವೆ ಎಂದು ಹೊರಟ ಒಂದು ದೇಶದ ಅನುಭವ ಇಲ್ಲಿ ತಿಳಿಯತಕ್ಕದ್ದು. ದಕ್ಷಿಣ ಅಮೆರಿಕದ ಈಕ್ವೆಡಾರ್ ಚಿಕ್ಕ ದೇಶ. ಕಾಫಿ, ಕೋಕೋ, ಬಾಳೆ ಬೆಳೆಯುವವರ ನಾಡು. ಅಮೆಜಾನ್ ಕಾಡಿನಲ್ಲಿ ಎಣ್ಣೆ ಸಿಕ್ಕಿ, 1972ರಿಂದ ರಫ್ತು ಆರಂಭವಾದ ಮೇಲೆ ಸರಕಾರದ ಖಜಾನೆ ಎಣ್ಣೆಯನ್ನೇ ನೆಚ್ಚಿಕೊಂಡಿತು. ಎಣ್ಣೆ ತೆಗೆದ ಕಡೆಗಳಲ್ಲಿ ಹೊಳೆ, ಮಣ್ಣು ಕೆಟ್ಟವು; ಸಾಲವೂ ತೀರಲಿಲ್ಲ.

ಆ ದೇಶದ ಪೂರ್ವಭಾಗದಲ್ಲಿ ಯಾಸುನಿ ಎಂಬ ಕಾಡಿದೆ. 1979ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಅದರ ಒಂದೇ ಹೆಕ್ಟೇರಿನಲ್ಲಿ, ಅಂದರೆ ನಮ್ಮ ಎರಡೂವರೆ ಎಕರೆಯಲ್ಲಿ, 600ಕ್ಕೂ ಹೆಚ್ಚು ಜಾತಿಯ ಗಿಡಮರಗಳನ್ನು ಸಸ್ಯವಿಜ್ಞಾನಿಗಳು ಎಣಿಸಿದ್ದಾರೆ. ವಾವೊರಾನಿ ಜನರ ಊರುಗಳು ಅಲ್ಲಿವೆ. ಹೊರಗಿನವರ ಸಂಪರ್ಕವೇ ಬೇಡವೆಂದು ಒಳಕಾಡಿನಲ್ಲಿ ಬಾಳುವ ತಗಾಯೇರಿ, ತರೊಮೆನಾನೆ ಎಂಬ ಗುಂಪುಗಳೂ ಇವೆ. ಈ ಕಾಡಿನ ಒಂದು ಮೂಲೆಯ ಕೆಳಗೆ, ಇಷ್ಪಿಂಗೊ, ತಂಬೊಕೊಚ, ತಿಪುತಿನಿ ಎಂಬ ಮೂರು ಕಡೆ, ಸುಮಾರು 84 ಕೋಟಿ ಪೀಪಾಯಿ ಎಣ್ಣೆ ಇದೆಯೆಂದು ಪತ್ತೆಯಾಯಿತು. ಒಂದು ಪೀಪಾಯಿಗೆ 159 ಲೀಟರ್.

2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರ್ರೆಯಾ ಜಗತ್ತಿನ ಮುಂದೆ ಒಂದು ಹೊಸ ಮಾತನ್ನಿಟ್ಟರು. ಈ ಎಣ್ಣೆಯನ್ನು ನಾವು ತೆಗೆಯುವುದಿಲ್ಲ. ಇದರಿಂದ 40 ಕೋಟಿ ಟನ್ ಇಂಗಾಲಾಮ್ಲ ಆಕಾಶಕ್ಕೆ ಹೋಗುವುದು ತಪ್ಪುತ್ತದೆ. ಅದರ ಲಾಭ ಎಲ್ಲರದೂ ಆದ್ದರಿಂದ ನಮಗಾಗುವ ನಷ್ಟದ ಅರ್ಧವನ್ನು, ಎಂದರೆ 360 ಕೋಟಿ ಡಾಲರನ್ನು, ಹದಿಮೂರು ವರ್ಷಗಳಲ್ಲಿ ಜಗತ್ತು ತುಂಬಿಕೊಡಲಿ ಎಂಬುದು ಅದರ ಸಾರ. 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಉಸ್ತುವಾರಿಯಲ್ಲಿ ನಿಧಿಯೂ ಸ್ಥಾಪನೆಯಾಯಿತು.

ಮೆಚ್ಚುಗೆ ಬಹಳ ಬಂತು, ಹಣ ಬರಲಿಲ್ಲ. ಮೊದಲು ಒಲವು ತೋರಿದ್ದ ಜರ್ಮನಿ ಹಿಂದೆಗೆಯಿತು. ಮುಂದೆ ಬರುವ ಸರಕಾರ ಎಣ್ಣೆ ತೆಗೆಯದೆಂದು ಯಾರು ಖಾತರಿ ಎಂಬುದು ಹಲವರ ಅನುಮಾನ. ಇತ್ತ ಈಕ್ವೆಡಾರ್ ಸರಕಾರವೂ ಎಣ್ಣೆ ತೆಗೆಯುವ ಸಿದ್ಧತೆಯನ್ನು ಪೂರ್ತಿ ಬಿಟ್ಟಿರಲಿಲ್ಲ. 2013ರ ಆಗಸ್ಟ್ ಹೊತ್ತಿಗೆ ನಿಧಿಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್. ಕೇಳಿದ್ದರಲ್ಲಿ ನೂರಕ್ಕೆ ಅರ್ಧವೂ ಅಲ್ಲ. ಜಗತ್ತು ನಮ್ಮ ಕೈಬಿಟ್ಟಿತು ಎಂದು ಹೇಳಿ ಕೊರ್ರೆಯಾ ಯೋಜನೆಯನ್ನು ನಿಲ್ಲಿಸಿದರು. 2016ರಲ್ಲಿ ಎಣ್ಣೆ ಹೊರಬರತೊಡಗಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ವಿಷಯವನ್ನು ಜನರೇ ತೀರ್ಮಾನಿಸಲಿ ಎಂದು ಯುವಕರ ಒಂದು ಗುಂಪು 2014ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿತು. ಚುನಾವಣಾ ಮಂಡಳಿ ಅದರಲ್ಲಿ ಬಹುಭಾಗವನ್ನು ತಳ್ಳಿಹಾಕಿತು. ಒಂಬತ್ತು ವರ್ಷ ಕೋರ್ಟು ಕಚೇರಿ ಅಲೆದ ಮೇಲೆ 2023ರ ಮೇ ತಿಂಗಳಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. 2023ರ ಆಗಸ್ಟ್ 20ರಂದು ಜನಮತಗಣನೆ ನಡೆದು, ನೂರಕ್ಕೆ ಸುಮಾರು 59 ಮಂದಿ ಎಣ್ಣೆಯನ್ನು ನೆಲದಲ್ಲೇ ಬಿಡಿ ಎಂದರು. ಆಗ ಅಲ್ಲಿಂದ ದಿನಕ್ಕೆ 50,000 ಪೀಪಾಯಿಗೂ ಹೆಚ್ಚು ಎಣ್ಣೆ, ಎಂದರೆ ದೇಶದ ಉತ್ಪತ್ತಿಯ ಹತ್ತನೆಯ ಒಂದು ಪಾಲಿಗೂ ಮೀರಿ, ಬರುತ್ತಿತ್ತು. ಕೈಗೆ ಬರುತ್ತಿದ್ದ ಆದಾಯವನ್ನು ಒಂದು ಬಡ ದೇಶದ ಜನ ತಾವಾಗಿಯೇ ಬೇಡವೆಂದದ್ದು ಸಣ್ಣ ವಿಷಯವಲ್ಲ.

ಇದರಲ್ಲೊಂದು ಕಹಿಯೂ ಇದೆ. ಎಣ್ಣೆ ಇರುವ ಒರೆಯಾನಾ ಪ್ರಾಂತ್ಯದಲ್ಲಿ ಹೆಚ್ಚಿನವರು ಎಣ್ಣೆ ತೆಗೆಯುವುದು ಮುಂದುವರಿಯಲಿ ಎಂದೇ ಮತ ಹಾಕಿದರು. ಕೆಲಸ, ರಸ್ತೆ, ಅಂಗಡಿ ವ್ಯಾಪಾರ ಎಲ್ಲ ಅದರಿಂದಲೇ ನಡೆಯುವವರಿಗೆ ರಾಜಧಾನಿಯವರ ತೀರ್ಮಾನ ಬೇರೆಯಾಗಿ ಕಂಡರೆ ಅದರಲ್ಲಿ ತಪ್ಪೇನು? ಒಂದು ವರ್ಷದಲ್ಲಿ ಕೆಲಸ ನಿಲ್ಲಬೇಕೆಂದು ನ್ಯಾಯಾಲಯ ಹೇಳಿದ್ದರೂ, 2024ರ ಆಗಸ್ಟ್‌ನಲ್ಲಿ ಮುಚ್ಚಿದ್ದು ಮೊದಲ ಬಾವಿಯನ್ನು ಮಾತ್ರ. ಇನ್ನೂರಕ್ಕೂ ಹೆಚ್ಚಿರುವ ಬಾವಿಗಳನ್ನು ಮುಚ್ಚಲು 2029ರ ತನಕ ಬೇಕೆಂದು ಸರಕಾರ ಹೇಳಿತು. ಜನಮತವನ್ನು ಜಾರಿಗೆ ತರಬೇಕೆಂದು 2025ರ ಮಾರ್ಚ್‌ನಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯವೂ ಆಜ್ಞೆ ಮಾಡಿತು.

ನಾವು ಬಿಟ್ಟರೆ ಬೇರೆಯವರು ತೆಗೆಯುವುದಿಲ್ಲವೇ?

ಈ ಆಕ್ಷೇಪ ನ್ಯಾಯವಾದದ್ದೇ. ಯಾಸುನಿಯ ಇಡೀ ಎಣ್ಣೆ ಇಂದಿನ ಜಗತ್ತಿಗೆ ಎಂಟೊಂಬತ್ತು ದಿನಗಳ ಖರ್ಚು. ಅದು ಮಾರುಕಟ್ಟೆಗೆ ಬರದಿದ್ದರೆ ಬೆಲೆ ತುಸು ಏರುತ್ತದೆ, ಇನ್ನೊಂದು ದೇಶ ತನ್ನ ಬಾವಿಯಿಂದ ಇನ್ನಷ್ಟು ತೆಗೆಯುತ್ತದೆ. ಹಾಗಾದರೆ ಬಿಟ್ಟು ಫಲವೇನು?

ಇದಕ್ಕೆ ಉತ್ತರ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿದೆ. 1975ರ ಜುಲೈ ತಿಂಗಳಲ್ಲಿ ಬ್ರೆಜಿಲಿನ ಪರಾನಾ ಸೀಮೆಯಲ್ಲಿ ಮಂಜು ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. 1977ರ ಹೊತ್ತಿಗೆ ಕಾಫಿಯ ಬೆಲೆ ಹಲವು ಪಟ್ಟು ಏರಿತು. ಆಗ ಎರಡು ಸಂಗತಿ ನಡೆದವು. ಬೇರೆ ದೇಶಗಳು ಕಾಫಿ ಹೆಚ್ಚು ಬೆಳೆಯತೊಡಗಿದವು. ಬೆಲೆ ಕೇಳಿ ಕುಡಿಯುವವರು ಕುಡಿಯುವುದನ್ನು ಕಡಿಮೆ ಮಾಡಿದರು. ಎಣ್ಣೆಯಲ್ಲೂ ಹಾಗೆಯೇ. ಒಬ್ಬರು ಬಿಟ್ಟದ್ದರಲ್ಲಿ ಒಂದು ಪಾಲನ್ನು ಬೇರೆಯವರು ತುಂಬುತ್ತಾರೆ, ಇನ್ನೊಂದು ಪಾಲು ನಿಜವಾಗಿಯೂ ಉಳಿಯುತ್ತದೆ. ಲಾಭ ಪೂರ್ತಿಯಲ್ಲ, ಸೊನ್ನೆಯೂ ಅಲ್ಲ. ತುಂಬುವವರು ಎಷ್ಟು ಕಡಿಮೆಯಾದರೆ ಉಳಿಯುವ ಪಾಲು ಅಷ್ಟು ಹೆಚ್ಚು. ಆದ್ದರಿಂದಲೇ ಒಪ್ಪಂದ ಬೇಕು ಎನ್ನುವುದು.

ಒಪ್ಪಂದದ ಬಲ, ಬಲಹೀನತೆ ಎರಡನ್ನೂ ನಾವು ಕಂಡವರು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳಷ್ಟೇ ಅಲ್ಲ, ಕೊಳ್ಳುವ ದೇಶಗಳೂ ಸಹಿ ಹಾಕಿದ್ದವು. ಪ್ರತಿ ದೇಶಕ್ಕೂ ರಫ್ತಿನ ಕೋಟಾ. ಮೂಲದ ಪ್ರಮಾಣಪತ್ರವಿಲ್ಲದ ಸರಕನ್ನು ಕೊಳ್ಳುವವರೇ ತಡೆಯಬೇಕು. ಅದರಲ್ಲಿ ತೂತುಗಳಿದ್ದವು. ಒಪ್ಪಂದದ ಹೊರಗಿನ ದೇಶಗಳಿಗೆ ಅಗ್ಗವಾಗಿ ಮಾರಿದ ಕಾಫಿ ಸುತ್ತಿಬಳಸಿ ಒಳಗೆ ಬರುತ್ತಿತ್ತು. ಯಾರಿಗೆಷ್ಟು ಕೋಟಾ ಎಂಬ ಜಗಳ ತೀರದೆ 1989ರ ಜುಲೈನಲ್ಲಿ ಕೋಟಾ ಪದ್ಧತಿ ಮುರಿಯಿತು. ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಳಿಯಿತು. ಆದರೆ ಮುರಿಯುವ ತನಕ, ಬೆಳೆಯುವವರೂ ಕೊಳ್ಳುವವರೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಯಬಹುದೆಂದು ಅದು ತೋರಿಸಿಕೊಟ್ಟಿತು.

ಎಣ್ಣೆಯ ವಿಷಯದಲ್ಲಿ ಅಂಥ ಪುಸ್ತಕದ ಮೊದಲ ಪುಟಗಳು ಮಾತ್ರ ಬರೆಯಲ್ಪಟ್ಟಿವೆ. ಫ್ರಾನ್ಸ್ 2017ರಲ್ಲಿ ಹೊಸ ಪರವಾನಗಿಗಳನ್ನು ನಿಲ್ಲಿಸಿ, 2040ಕ್ಕೆ ಉತ್ಪಾದನೆ ಮುಗಿಸುವ ಕಾಯಿದೆ ಮಾಡಿತು. ಉತ್ತರ ಸಮುದ್ರದಲ್ಲಿ 1972ರಿಂದ ಎಣ್ಣೆ ತೆಗೆಯುತ್ತಿದ್ದ ಡೆನ್ಮಾರ್ಕ್ 2020ರ ಡಿಸೆಂಬರ್‌ನಲ್ಲಿ ಹೊಸ ಹರಾಜನ್ನು ರದ್ದುಮಾಡಿ, 2050ಕ್ಕೆ ಕೊನೆ ಎಂದು ಗೊತ್ತುಮಾಡಿತು. ಮರುವರ್ಷ ಗ್ಲಾಸ್ಗೋ ಸಮ್ಮೇಳನದಲ್ಲಿ ಡೆನ್ಮಾರ್ಕ್, ಕೋಸ್ಟರಿಕಾ ಸೇರಿ ಇಂಥ ದೇಶಗಳ ಕೂಟವೊಂದನ್ನು ಕಟ್ಟಿದವು. ಇವು ಬಹುಮಟ್ಟಿಗೆ ಎಣ್ಣೆ ಕಡಿಮೆಯಿರುವ ದೇಶಗಳು. ಆದರೆ ಕಲ್ಲಿದ್ದಲು, ಎಣ್ಣೆ ಎರಡನ್ನೂ ರಫ್ತು ಮಾಡುವ ಕೊಲಂಬಿಯ, ನಮ್ಮಂತೆಯೇ ಕಾಫಿಯ ನಾಡು, 2023ರ ಡಿಸೆಂಬರ್‌ನಲ್ಲಿ ದುಬೈ ಸಮ್ಮೇಳನದಲ್ಲಿ ಇಂಧನ ಉತ್ಪಾದನೆಗೆ ಮಿತಿ ಹಾಕುವ ಹೊಸ ಒಪ್ಪಂದ ಬೇಕೆಂಬ ದೇಶಗಳ ಜೊತೆ ಸೇರಿತು. ಭೂಗರ್ಭ ಇಂಧನಗಳಿಂದ ದೂರ ಸರಿಯಬೇಕೆಂಬ ಮಾತು ಎಲ್ಲ ದೇಶಗಳ ಒಪ್ಪಿಗೆಯ ಪತ್ರದಲ್ಲಿ ಮೊದಲ ಸಲ ಬಂದದ್ದೂ ಆ ದುಬೈ ಸಮ್ಮೇಳನದಲ್ಲೇ. ಇಂಧನ ಉತ್ಪಾದನೆ, ಶೋಧನೆಯ ಪರವಾನಗಿ, ಸಹಾಯಧನ ಇವುಗಳ ವಿಷಯದಲ್ಲಿ ತಕ್ಕ ಕ್ರಮ ಕೈಗೊಳ್ಳದಿರುವುದೂ ದೇಶವೊಂದರ ತಪ್ಪಾಗಬಹುದೆಂದು 2025ರ ಜುಲೈನಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ ಹೇಳಿತು.

ಮೊದಲು ಬಿಡಬೇಕಾದವರು ಯಾರು?

ನಮ್ಮ ಅಭಿಪ್ರಾಯದಲ್ಲಿ ಗಂಟು ಇರುವುದು ಇಲ್ಲಿ. ಭಾರತವೂ ಈ ಪ್ರಶ್ನೆಯ ಹೊರಗಿಲ್ಲ. 2024–25ರಲ್ಲಿ ನಮ್ಮ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ನಮ್ಮ ವಿದ್ಯುತ್ತಿನ ಬಹುಪಾಲು ಅದರಿಂದಲೇ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದರೂ ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೆ ಹೊರಗಿನಿಂದ ಬಂದ ಕಲ್ಲಿದ್ದಲಿನ ಕರೆಂಟು ನಮ್ಮ ಪಂಪ್‌ಸೆಟ್ಟಿನಲ್ಲೂ ಓಡುತ್ತದೆ. ನಾವು ಹಾಕುವ ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಆದರೆ ತಲೆಗೆ ಹಂಚಿದರೆ ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲಾಮ್ಲ, ಅಮೆರಿಕದವನ ಪಾಲಿಗೆ ಸುಮಾರು ಹದಿನಾಲ್ಕು ಟನ್. ಹಿಂದಿನ ನೂರೈವತ್ತು ವರ್ಷಗಳ ಲೆಕ್ಕ ತೆಗೆದರೆ ಅಂತರ ಇನ್ನೂ ದೊಡ್ಡದು. ಆದ್ದರಿಂದ ಹಣವೂ ಬೇರೆ ದಾರಿಯೂ ಇರುವ ದೇಶಗಳು ಮೊದಲು ತೂಬು ಇಳಿಸಬೇಕು, ಇಲ್ಲದವರಿಗೆ ನೆರವಾಗಬೇಕು ಎಂಬುದು ನ್ಯಾಯದ ಮಾತು. ಯಾಸುನಿಯಲ್ಲಿ ಸೋತದ್ದು ಇದೇ ಮಾತು.

ದೇಶದೊಳಗೂ ಇದೇ ನ್ಯಾಯ ಬೇಕು. ಗಣಿ ಮುಚ್ಚುವುದೆಂದರೆ ಏನೆಂದು ಮಲೆನಾಡಿಗೆ ತಿಳಿದಿದೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಮೇರೆಗೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅದಿರು ನೆಲದಲ್ಲೇ ಉಳಿಯಿತು, ಭದ್ರೆಗೆ ಹೂಳು ಬರುವುದು ತಪ್ಪಿತು. ಗಣಿಯನ್ನೇ ನಂಬಿ ಎದ್ದ ಪೇಟೆ ಬರಿದಾಯಿತು. ಎರಡೂ ನಿಜ. ಜಾರ್ಖಂಡ, ಛತ್ತೀಸಗಢ, ಒಡಿಶಾಗಳಲ್ಲಿ ಲಕ್ಷಾಂತರ ಕುಟುಂಬಗಳ ಅನ್ನ ಕಲ್ಲಿದ್ದಲಿನಿಂದ ಬರುತ್ತದೆ. ಅವರಿಗೆ ಬೇರೆ ಕಸುಬು, ಮುಂಚಿತವಾದ ತಿಳಿವಳಿಕೆ, ಸಾಕಷ್ಟು ವರ್ಷಗಳ ಅವಧಿ ಕೊಡದೆ ಗಣಿ ಮುಚ್ಚಿದರೆ ಅವರೂ ಒರೆಯಾನಾದವರಂತೆ ಬೇಡವೆನ್ನುತ್ತಾರೆ. ಹಾಗೆ ಹೇಳುವ ಹಕ್ಕು ಅವರಿಗಿದೆ.

ಬೆಳೆಗಾರರಾದ ನಾವು ಮಾಡಬಹುದಾದದ್ದೇನು? ಸೂರ್ಯಶಕ್ತಿಯ ಪಂಪು, ನೆರಳಿನ ಮರಗಳ ರಕ್ಷಣೆ, ರಸಗೊಬ್ಬರದ ಮಿತವಾದ ಬಳಕೆ ಇವುಗಳ ಬಗ್ಗೆ ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಇವು ಕಾಲುವೆಯ ಬಾಯಿಯ ಕೆಲಸ, ಬೇಕಾದ ಕೆಲಸವೇ. ಆದರೆ ತೂಬು ನಮ್ಮ ಕೈಯಲ್ಲಿಲ್ಲವೆಂದು ಅದರ ಮಾತನ್ನೇ ಆಡದಿರುವುದು ಸರಿಯಲ್ಲ. ಪತ್ರಿಕೆಯಲ್ಲಿ ಇಂಥ ದೇಶ ಇಂಥ ವರ್ಷಕ್ಕೆ ಹೊಗೆ ಇಳಿಸುತ್ತದೆಂದು ಓದಿದಾಗ, ಆ ವರ್ಷಕ್ಕೆ ಅದು ನೆಲದಿಂದ ತೆಗೆಯುವ ಇಂಧನ ಎಷ್ಟು ಎಂದು ಕೂಡ ಕೇಳೋಣ. ಬೆಳೆಗಾರರ ಸಂಘಗಳು ಹವಾಮಾನದ ಬಗ್ಗೆ ಸರಕಾರಕ್ಕೆ ಕೊಡುವ ಮನವಿಗಳಲ್ಲಿ, ಬೆಳೆ ಪರಿಹಾರದ ಬೇಡಿಕೆಯ ಜೊತೆಗೆ ಈ ಪ್ರಶ್ನೆಯೂ ಇರಲಿ.

ಇನ್ನೊಂದು ಕೋರಿಕೆ. ಅನೇಕ ಸದಸ್ಯರ ಮನೆಗಳಲ್ಲಿ ಅಜ್ಜ, ತಂದೆಯ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. ಹೂಮಳೆ ಯಾವ ದಿನ ಬಿತ್ತು, ಎಷ್ಟು ಇಂಚು, ಮಳೆಗಾಲ ಎಂದು ಹಿಡಿಯಿತು ಎಂಬುದು ಅವುಗಳಲ್ಲಿ ತಾರೀಖಿನ ಸಮೇತ ಸಿಗುತ್ತದೆ. ಅವನ್ನು ಜೋಪಾನ ಮಾಡಿ, ನಕಲನ್ನು ಸಂಘದ ಕಚೇರಿಗೆ ತಲುಪಿಸಿದರೆ ಮುಂದಿನ ಸಂಚಿಕೆಗಳಲ್ಲಿ ಒಟ್ಟುಗೂಡಿಸಿ ಪ್ರಕಟಿಸುತ್ತೇವೆ. ಮೇಲಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವ ಸದಸ್ಯರ ಪತ್ರಗಳಿಗೂ ಸ್ವಾಗತವಿದೆ.